ವಿಯೆಟ್ನಾಮಿನ ಹಳೆಯ ಕಟ್ಟಡಗಳ ಅಗ್ಗದ ಹೋಟೆಲುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹನೋಯ್ ಹಳೇ ಪೇಟೆಯ ಉದ್ದುದ್ದ ಮನೆಗಳು, ಹೋಯ್ ಆನ್‌ನ ಹೆಂಚಿನ ಮನೆಗಳು, ಸೈಗಾನಿನಲ್ಲೂ (ಈಗಿನ ಹೋ ಚಿ ಮಿನ್ ನಗರ) ದಾಲಾತ್‌ನಲ್ಲೂ ಇರುವ ಫ್ರೆಂಚರ ಕಾಲದ ಕಟ್ಟಡಗಳು: ಇವುಗಳಲ್ಲಿ ಹಲವು ಈಗ ಸಣ್ಣ ಹೋಟೆಲು, ಹಾಸ್ಟೆಲು, ಹೋಮ್‌ಸ್ಟೇಗಳಾಗಿವೆ. ಇಂಥ ಕಡೆ ಸ್ಟಾರು, ರೇಟಿಂಗುಗಳನ್ನು ನೋಡಿ ಪ್ರಯೋಜನ ಕಡಿಮೆ. ಒಂದೇ ಹೋಟೆಲಿನಲ್ಲಿ ಒಂದು ಕೋಣೆ ಚೆನ್ನಾಗಿರುತ್ತದೆ, ಅದರ ಪಕ್ಕದ್ದರಲ್ಲಿ ಉಸಿರು ಕಟ್ಟುತ್ತದೆ. ಆದ್ದರಿಂದ ಇಲ್ಲಿನ ಉತ್ತರಗಳು ಹೆಚ್ಚಾಗಿ ಕೋಣೆಯನ್ನು ಹೇಗೆ ಆರಿಸುವುದು ಎಂಬುದರ ಸುತ್ತಲೇ ಇವೆ.

ಕೋಣೆಗೆ ಕಿಟಕಿಯೇ ಇಲ್ಲ ಎಂದರೆ ಏನರ್ಥ? ಫೋಟೋದಲ್ಲಿ ಪರದೆ ಕಾಣುತ್ತದಲ್ಲ?

ಪರದೆ ಇದ್ದ ಮಾತ್ರಕ್ಕೆ ಕಿಟಕಿ ಇದೆ ಎನ್ನುವಂತಿಲ್ಲ. ಹನೋಯ್ ಹಳೇ ಪೇಟೆಯಲ್ಲಿ ಬೀದಿಗೆ ಮುಖ ಮಾಡಿದ ಜಾಗ ದುಬಾರಿ. ಹಾಗಾಗಿ ಅಲ್ಲಿನ ಮನೆಗಳ ಅಗಲ ಮೂರು ನಾಲ್ಕು ಮೀಟರು, ಉದ್ದ ಮಾತ್ರ ಹಲವು ಪಟ್ಟು, ಕೆಲವು 60 ಮೀಟರಿನಷ್ಟು ಒಳಕ್ಕೆ ಹೋಗುತ್ತವೆ. ಕೊಳವೆ ಮನೆ ಎಂದೇ ಅಲ್ಲಿಯವರು ಕರೆಯುತ್ತಾರೆ. ಎರಡೂ ಪಕ್ಕದ ಗೋಡೆ ನೆರೆಮನೆಗೆ ಅಂಟಿಕೊಂಡಿರುವುದರಿಂದ ಅಲ್ಲಿ ಕಿಟಕಿ ಇಡಲು ಸಾಧ್ಯವಿಲ್ಲ. ಮೊದಲಿನ ಮನೆಗಳಲ್ಲಿ ನಡುನಡುವೆ ತೊಟ್ಟಿ ಬಿಟ್ಟು ಗಾಳಿ ಬೆಳಕು ತರುತ್ತಿದ್ದರು. ಹೋಟೆಲು ಮಾಡುವಾಗ ಆ ತೊಟ್ಟಿಯನ್ನೇ ಮುಚ್ಚಿ ಇನ್ನೊಂದು ಕೋಣೆ ಎಬ್ಬಿಸಿದರೆ ನಡುವಿನ ಕೋಣೆಗಳೆಲ್ಲ ಪೆಟ್ಟಿಗೆಗಳಾಗುತ್ತವೆ.

ಬುಕಿಂಗ್ ಪುಟದಲ್ಲಿ ‘ಸ್ಟ್ಯಾಂಡರ್ಡ್’, ‘ಸುಪೀರಿಯರ್’, ‘ಎಕಾನಮಿ’ ಎಂದಿರುವ ಕೋಣೆಗಳ ವಿವರದಲ್ಲಿ ಕಿಟಕಿಯ ಮಾತೇ ಇಲ್ಲದಿದ್ದರೆ ಕಿಟಕಿ ಇಲ್ಲವೆಂದೇ ತಿಳಿಯಿರಿ. ‘ವಿಂಡೋ’ ಎಂದಿದ್ದರೂ ಅದು ಮೆಟ್ಟಿಲ ಕಡೆಗೋ ಲಿಫ್ಟಿನ ಗೂಡಿಗೋ ತೆರೆಯಬಹುದು. ಬುಕ್ ಮಾಡುವ ಮುಂಚೆ ಮೂರು ಪ್ರಶ್ನೆ ಕಳಿಸಿ: ಕಿಟಕಿ ಹೊರಗಿನ ಗಾಳಿಗೆ ತೆರೆಯುತ್ತದೆಯೇ? ಎಷ್ಟನೇ ಮಹಡಿ? ಬೀದಿಯ ಕಡೆಯೋ, ಹಿಂದುಗಡೆಯೋ? ಕಿಟಕಿಯ ಫೋಟೋ ಕೇಳಿದರೆ ಸಾಮಾನ್ಯವಾಗಿ ಕಳಿಸುತ್ತಾರೆ. ಮಾತು ತೇಲಿಸಿದರೆ ಉತ್ತರ ಸಿಕ್ಕಂತೆಯೇ.

ಮನೆಯ ಈ ನಕ್ಷೆಯನ್ನು ಕಣ್ಣಾರೆ ನೋಡಬೇಕೆಂದರೆ ಮಾ ಮಾಯ್ ಬೀದಿಯ 87ನೇ ನಂಬರಿನ ಮನೆಗೆ ಹೋಗಿ. ಫ್ರಾನ್ಸಿನ ತುಲೂಸ್ ನಗರದ ನೆರವಿನಿಂದ 1999ರಲ್ಲಿ ಜೀರ್ಣೋದ್ಧಾರವಾದ ಈ ಮನೆಗೆ ಟಿಕೆಟ್ ಅಗ್ಗ. ಅಂಗಡಿ, ತೊಟ್ಟಿ, ವಾಸದ ಭಾಗ, ಮತ್ತೆ ತೊಟ್ಟಿ, ಕೊನೆಯಲ್ಲಿ ಅಡುಗೆಮನೆ. ಹಳೆಯ ಮೈಸೂರು ಸೀಮೆಯ ತೊಟ್ಟಿಮನೆ ಕಂಡವರಿಗೆ ತಕ್ಷಣ ಅರ್ಥವಾಗುತ್ತದೆ.

ಹಾಗಾದರೆ ಯಾವ ಕೋಣೆ ಕೇಳಬೇಕು?

ಬೀದಿಯ ಕಡೆ ಬಾಲ್ಕನಿ ಇರುವ ಕೋಣೆಯಲ್ಲಿ ಬೆಳಕಿದೆ, ಅದರ ಜೊತೆಗೆ ಸದ್ದೂ ಇದೆ. ತೀರಾ ಹಿಂದಿನ ಕೋಣೆಯಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ, ಹಿಂದಣ ಓಣಿಗೆ ಒಂದು ಸಣ್ಣ ಕಿಟಕಿಯೂ ಇರುವ ಸಂಭವವಿದೆ. ನಡುವಿನವನ್ನು ಬಿಡಿ. ನೆಲಮಟ್ಟದ ಕೋಣೆಯಲ್ಲಿ ತೇವ, ಸ್ಕೂಟರುಗಳ ಓಡಾಟ. ತುತ್ತತುದಿಯ ಮಹಡಿಗೆ ಬಿಸಿಲು ನೇರವಾಗಿ ಹೊಡೆಯುತ್ತದೆ. ನೀರಿನ ಟ್ಯಾಂಕು ತಲೆಯ ಮೇಲೇ ಇರುವುದರಿಂದ ಒತ್ತಡ ಸಾಲದೆ ಶವರ್ ಸಣ್ಣಗೆ ಸುರಿಯುತ್ತದೆ. ಮನೆಯವರ ಪಿತೃಪೂಜೆಯ ಪೀಠವೂ ಎಷ್ಟೋ ಕಡೆ ಮೇಲಿನ ಮಹಡಿಯಲ್ಲೇ ಇರುತ್ತದೆ, ಊದುಬತ್ತಿಯ ಹೊಗೆ ಆಗದವರು ಮೊದಲೇ ವಿಚಾರಿಸಿ. ಎರಡನೆಯ ಅಥವಾ ಮೂರನೆಯ ಮಹಡಿಯ ಹಿಂದುಗಡೆಯ ಕೋಣೆ ಹೆಚ್ಚಿನವರಿಗೆ ಒಗ್ಗುತ್ತದೆ.

ಮಹಡಿ ಎಣಿಸುವುದರಲ್ಲಿ ಗೊಂದಲ ಯಾಕೆ?

ಉತ್ತರದಲ್ಲಿ, ಎಂದರೆ ಹನೋಯ್ ಕಡೆ, ನೆಲದ ಮಟ್ಟವೇ ಒಂದನೇ ಮಹಡಿ. ‘ತಾಂಗ್ 3’ ಎಂದರೆ ಹತ್ತಬೇಕಾದದ್ದು ಎರಡೇ ಮಹಡಿ. ದಕ್ಷಿಣದಲ್ಲಿ ನಮ್ಮ ಹಾಗೆಯೇ ನೆಲಮಟ್ಟವನ್ನು ಬಿಟ್ಟು ಎಣಿಸುವ ರೂಢಿ ಇದೆ, ಸೈಗಾನಿನ ‘ಲೋವ್ 3’ ಎಂದರೆ ಮೂರು ಮಹಡಿ ಹತ್ತಬೇಕು. ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಈ ಒಂದು ಮಹಡಿಯ ವ್ಯತ್ಯಾಸ 23 ಕಿಲೋ ಸೂಟ್‌ಕೇಸ್ ಹೊತ್ತಾಗ ಗೊತ್ತಾಗುತ್ತದೆ. ವಯಸ್ಸಾದವರು ಜೊತೆಗಿದ್ದರೆ ಮಹಡಿಯ ಬದಲು ‘ರಿಸೆಪ್ಶನ್‌ನಿಂದ ಎಷ್ಟು ಮೆಟ್ಟಿಲು’ ಎಂದೇ ಕೇಳಿ. ಹಳೆಯ ಮರದ ಮೆಟ್ಟಿಲು ಕಡಿದಾಗಿರುತ್ತದೆ, ಅಗಲ ಕಡಿಮೆ, ಕೆಲವೆಡೆ ಕೈಹಿಡಿ ಒಂದೇ ಬದಿಗೆ. ಮೊಣಕಾಲು ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ.

‘ಹೆರಿಟೇಜ್’ ಎಂದು ಬರೆದುಕೊಂಡ ಹೋಟೆಲು ನಿಜಕ್ಕೂ ಹಳೆಯದೇ?

ಬಹಳಷ್ಟು ಅಲ್ಲ. 1986ರ ಆರ್ಥಿಕ ಸುಧಾರಣೆಯ ನಂತರ ಹನೋಯ್‌ನಲ್ಲಿ ಎಷ್ಟೋ ಮನೆಗಳನ್ನು ಕೆಡವಿ ಅದೇ ಕಿರಿದಾದ ನಿವೇಶನದಲ್ಲಿ ಕಾಂಕ್ರೀಟ್ ಕಟ್ಟಡ ಎಬ್ಬಿಸಿದರು. ನಾಲ್ಕು ಮೀಟರ್ ಅಗಲದ ಜಾಗದಲ್ಲಿ ಆರೇಳು ಮಹಡಿ, ಲಿಫ್ಟು ಇದ್ದರೆ ಅದು ಹೊಸ ಕಟ್ಟಡವೇ, ಹಳೆಯದು ನಿವೇಶನ ಮಾತ್ರ. ಹೋಯ್ ಆನ್ 1999ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಅಲ್ಲಿ ಹಳೇ ಪಟ್ಟಣದ ಒಳಗೆ ತಂಗಲು ಸಿಗುವ ನಿಜವಾದ ಹಳೆಯ ಮನೆಗಳು ಬಹಳ ಕಡಿಮೆ. ಹಳದಿ ಗೋಡೆ, ಕೆಂಪು ಲಾಂದ್ರದ ಹೋಟೆಲುಗಳಲ್ಲಿ ಹೆಚ್ಚಿನವು ಪಟ್ಟಣದ ಹೊರಗೆ ಹಳೆಯ ಶೈಲಿಯಲ್ಲಿ ಹೊಸದಾಗಿ ಕಟ್ಟಿದವು. ಅದು ತಪ್ಪೇನಲ್ಲ, ಪ್ಲಂಬಿಂಗ್ ಸರಿಯಾಗಿರುತ್ತದೆ. ಹಳೆಯದೆಂದು ಹೆಚ್ಚು ದುಡ್ಡು ಕೊಡುವುದು ಬೇಡ, ಅಷ್ಟೆ.

ಗುರುತಿಸಲು ಕಿಟಕಿಯ ಸಂದಿನಲ್ಲಿ ಗೋಡೆಯ ದಪ್ಪ ನೋಡಿ. ಒಂದು ಅಡಿಯ ಆಸುಪಾಸಿನ ಇಟ್ಟಿಗೆ ಗೋಡೆ, ಹನ್ನೆರಡು ಅಡಿಗೆ ಹತ್ತಿರದ ಸೂರು, ಪಟ್ಟಿಪಟ್ಟಿ ಮರದ ಕಿಟಕಿ ಬಾಗಿಲು, ಕಾಲಡಿಯಲ್ಲಿ ಬಣ್ಣದ ವಿನ್ಯಾಸದ ಸಿಮೆಂಟ್ ಹಾಸುಬಿಲ್ಲೆ ಇದ್ದರೆ ಫ್ರೆಂಚರ ಕಾಲದ್ದಾಗಿರಬಹುದು. ಹೋಯ್ ಆನ್‌ನ ಹಳೆಯ ಮನೆಗಳಲ್ಲಿ ಮರದ ಕಂಬ ತೊಲೆಗಳು, ಅವುಗಳಲ್ಲಿ ಹಲಸಿನ ಮರವೂ ಉಂಟು, ಮೇಲೆ ಒಂದು ಮಗುಚಿ ಒಂದು ತೆರೆದು ಜೋಡಿಸಿದ ಹೆಂಚು.

ಸದ್ದು ಎಷ್ಟಿರುತ್ತದೆ?

ಹನೋಯ್‌ನ ತಾ ಹಿಯೆನ್ ಬೀದಿಯ ಬಿಯರ್ ಅಂಗಡಿಗಳ ಸುತ್ತಮುತ್ತ ನಡುರಾತ್ರಿ ದಾಟುವವರೆಗೂ ಸದ್ದು ನಿಲ್ಲದು, ಶುಕ್ರವಾರ ಶನಿವಾರ ಇನ್ನೂ ಹೆಚ್ಚು. ಬೆಳಿಗ್ಗೆ ಐದೂವರೆಗೆಲ್ಲ ಬೀದಿ ಮತ್ತೆ ಎದ್ದಿರುತ್ತದೆ. ಹಳೆಯ ಪಟ್ಟಿ ಕಿಟಕಿ ಗಾಳಿಗಾಗಿ ಮಾಡಿದ್ದು, ಸದ್ದನ್ನು ತಡೆಯುವುದಿಲ್ಲ. ಅದರ ಒಳಗಡೆ ಗಾಜಿನ ಇನ್ನೊಂದು ಬಾಗಿಲು ಹಾಕಿಸಿದ್ದಾರೆಯೇ ಎಂದು ಕೇಳಿ. ಮರದ ಅಟ್ಟದ ಮನೆಯಾದರೆ ಮೇಲಿನ ಕೋಣೆಯವರ ಹೆಜ್ಜೆ ನಿಮ್ಮ ತಲೆಯ ಮೇಲೇ, ಅದಕ್ಕೆ ಕಿವಿಗೆ ಇಯರ್‌ಪ್ಲಗ್ ಬಿಟ್ಟರೆ ಬೇರೆ ಮದ್ದಿಲ್ಲ.

ಬೆಂಕಿಯ ಅಪಾಯದ ಬಗ್ಗೆ ಕೇಳಿದ್ದೇವೆ. ಭಯಪಡಬೇಕೇ?

ಭಯ ಬೇಡ, ಆದರೆ ಕೋಣೆಗೆ ಹೋದೊಡನೆ ಐದು ನಿಮಿಷ ಇದಕ್ಕೆ ಕೊಡಿ. 2023ರ ಸೆಪ್ಟೆಂಬರ್ 12ರ ರಾತ್ರಿ ಹನೋಯ್‌ನ ಖುವೊಂಗ್ ಹಾ ಪ್ರದೇಶದ ಒಂದು ಸಣ್ಣ ಅಪಾರ್ಟ್‌ಮೆಂಟ್ ಕಟ್ಟಡಕ್ಕೆ ಬೆಂಕಿ ಬಿದ್ದು 56 ಜನ ಸತ್ತರು. ಬೆಂಕಿ ಶುರುವಾದದ್ದು ನೆಲಮಟ್ಟದಲ್ಲಿ ಬೈಕು ನಿಲ್ಲಿಸುವ ಜಾಗದಲ್ಲಿ, ಹೊರಹೋಗುವ ದಾರಿ ಅದರ ಮೂಲಕವೇ. ಅದು ಹೋಟೆಲಲ್ಲ, ಹಳೆಯ ಕಟ್ಟಡವೂ ಅಲ್ಲ. ಆದರೂ ಕಿರಿದಾದ ಮನೆಗಳ ಮೂಲ ತೊಂದರೆ ಅದೇ: ಒಂದೇ ಬಾಗಿಲು, ಆ ಬಾಗಿಲ ಬಳಿಯೇ ರಾತ್ರಿ ಸಾಲಾಗಿ ಸ್ಕೂಟರುಗಳು, ಮೇಲಿನವರೆಗೂ ಹೊಗೆಗೊಳವೆಯಂತೆ ಎದ್ದುನಿಂತ ಮೆಟ್ಟಿಲು.

ನೋಡಬೇಕಾದದ್ದು ಇಷ್ಟು. ಮುಂಬಾಗಿಲು ಬಿಟ್ಟು ಇನ್ನೊಂದು ದಾರಿ ಇದೆಯೇ, ತಾರಸಿಗೆ ಹೋಗುವ ಬಾಗಿಲಿಗೆ ಬೀಗವಿದೆಯೇ, ಬೀಗದ ಕೈ ಯಾರ ಬಳಿ? ಬಾಲ್ಕನಿಗೆ ಕಬ್ಬಿಣದ ಪಂಜರ ಹಾಕಿದ್ದರೆ ಅದರಲ್ಲಿ ತೆರೆಯುವ ಕಿಂಡಿ ಇದೆಯೇ? ರಾತ್ರಿ ಇಳಿಸುವ ರೋಲಿಂಗ್ ಶಟರ್ ಕರೆಂಟಿನಲ್ಲಿ ನಡೆಯುವುದಾದರೆ ಕರೆಂಟ್ ಹೋದಾಗ ಕೈಯಿಂದ ಎತ್ತಬಹುದೇ? ಹೊಗೆ ಪತ್ತೆಯ ಅಲಾರಂ ಸೂರಿನಲ್ಲಿ ಕಾಣುತ್ತದೆಯೇ? ಎರಡನೆಯ ದಾರಿ ಇಲ್ಲ, ಪಂಜರಕ್ಕೂ ಕಿಂಡಿಯಿಲ್ಲ ಎಂದಾದರೆ ಆ ಕೋಣೆ ಎಷ್ಟೇ ಅಗ್ಗವಾಗಿರಲಿ, ಬಿಟ್ಟುಬಿಡಿ. ಇದೊಂದರಲ್ಲಿ ಚೌಕಾಶಿ ಇಲ್ಲ. ಹೊಗೆ ಬಂದರೆ ಮೆಟ್ಟಿಲಿಗೆ ಓಡುವ ಮುಂಚೆ ಬಾಗಿಲನ್ನು ಕೈಹಿಂಭಾಗದಿಂದ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ತೆರೆಯಬೇಡಿ, ಕೆಳಸಂದಿಗೆ ಒದ್ದೆ ಟವೆಲ್ ತುರುಕಿ ಕಿಟಕಿಯ ಕಡೆ ಹೋಗಿ. ಅಗ್ನಿಶಾಮಕದ ನಂಬರ್ 114, ಆಂಬುಲೆನ್ಸ್ 115, ಪೊಲೀಸ್ 113.

ಕೋಣೆಯಲ್ಲಿ ರೈಸ್ ಕುಕ್ಕರ್ ಹಚ್ಚಬಹುದೇ?

ಬೇಡ. ಹೊರಗೋಡೆಗೆ ಬಣ್ಣ ಬಳಿದಷ್ಟು ಮುತುವರ್ಜಿಯಿಂದ ಒಳಗಿನ ವೈರಿಂಗನ್ನು ಎಲ್ಲರೂ ಬದಲಿಸಿರುವುದಿಲ್ಲ. ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ ಚುಚ್ಚಿದರೆ ಫ್ಯೂಸ್ ಹಾರುವುದು ಅದೃಷ್ಟದ ಲಕ್ಷಣ, ಹಾರದೆ ವೈರು ಬಿಸಿಯಾಗುವುದು ಅಪಾಯದ್ದು. ಕೋಣೆಯ ಕೆಟಲಿನ ಬಿಸಿನೀರಿನಲ್ಲಿ ರೆಡಿ ಉಪ್ಪಿಟ್ಟು, ಅವಲಕ್ಕಿ ಕಲಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಕೆಟಲಿನೊಳಗೇ ನೂಡಲ್ಸ್ ಬೇಯಿಸಬೇಡಿ, ಮುಂದಿನವರು ಅದರಲ್ಲೇ ಕಾಫಿ ಮಾಡಿಕೊಳ್ಳಬೇಕು.

ಕರೆಂಟ್ 220 ವೋಲ್ಟ್, ನಮ್ಮ ಉಪಕರಣಗಳಿಗೆ ಒಗ್ಗುತ್ತದೆ. ನಮ್ಮ ಎರಡು ಕಡ್ಡಿಯ ಮೊಬೈಲ್ ಚಾರ್ಜರ್ ನೇರ ಹೋಗುತ್ತದೆ, ಕೆಲವೆಡೆ ಸಡಿಲ. ಲ್ಯಾಪ್‌ಟಾಪಿನ ಮೂರು ಕಡ್ಡಿಯ ಪ್ಲಗ್ ಹೋಗುವುದಿಲ್ಲ, ಅಡಾಪ್ಟರ್ ಊರಿಂದಲೇ ಒಯ್ಯಿರಿ.

ಬಿಸಿನೀರು ಸಾಲುವುದಿಲ್ಲ ಎಂಬ ದೂರು ಯಾಕೆ ಬರುತ್ತದೆ?

ಗೀಸರ್ ಸಾಮಾನ್ಯವಾಗಿ 15ರಿಂದ 30 ಲೀಟರಿನದು. ಇಬ್ಬರು ಒಬ್ಬರ ಹಿಂದೊಬ್ಬರು ಸ್ನಾನಕ್ಕಿಳಿದರೆ ಎರಡನೆಯವರಿಗೆ ತಣ್ಣೀರು. ಸ್ವಿಚ್ ಬಾತ್‌ರೂಮಿನ ಹೊರಗೆ ಇರುತ್ತದೆ. ಕೀಕಾರ್ಡ್ ತೆಗೆದಾಗ ಗೀಸರಿಗೂ ಕರೆಂಟ್ ನಿಲ್ಲುವ ಏರ್ಪಾಡು ಬಹಳ ಕಡೆ ಇದೆ. ಹೊರಗಿಂದ ಬಂದು ಕಾರ್ಡ್ ಹಾಕಿ, 15–20 ನಿಮಿಷ ಕಾದು, ಗೀಸರ್ ಆಫ್ ಮಾಡಿ ಸ್ನಾನ ಮಾಡಿ. ಹಳೆಯ ಕಟ್ಟಡಗಳಲ್ಲಿ ಅರ್ತಿಂಗ್ ನಂಬುವ ಹಾಗಿಲ್ಲವಾದ್ದರಿಂದ ಅಲ್ಲಿಯವರೂ ಹೀಗೇ ಮಾಡುತ್ತಾರೆ. ನಲ್ಲಿ ಮುಟ್ಟಿದಾಗ ಸಣ್ಣಗೆ ಜುಮ್ಮೆಂದರೂ ಸ್ನಾನ ನಿಲ್ಲಿಸಿ ಕೋಣೆ ಬದಲಿಸಿಕೊಳ್ಳಿ.

ಶವರಿಗೆ ಬೇರೆ ಗೂಡು ಇರದೆ ಬಾತ್‌ರೂಮ್ ಪೂರ್ತಿ ಒದ್ದೆಯಾಗುವುದು ಸಾಮಾನ್ಯ. ಕಮೋಡಿನ ಪಕ್ಕ ಕೈಶವರ್ ಇದ್ದೇ ಇರುತ್ತದೆ, ಆ ಚಿಂತೆ ಬಿಡಿ. ನಲ್ಲಿ ನೀರು ಕುಡಿಯಲಿಕ್ಕಲ್ಲ.

ಫೆಬ್ರುವರಿಯಲ್ಲಿ ಹನೋಯ್‌ಗೆ ಹೋದರೆ ಗೋಡೆ ಬೆವರುತ್ತದಂತೆ, ನಿಜವೇ?

ನಿಜ. ಫೆಬ್ರುವರಿಯಿಂದ ಏಪ್ರಿಲ್ ತನಕ ಆಗಾಗ ಕೆಲವು ದಿನ ‘ನೊಮ್’ ಎಂಬ ಹವೆ ಕೂರುತ್ತದೆ. ಚಳಿಗೆ ತಣ್ಣಗಾದ ನೆಲ ಗೋಡೆಗಳಿಗೆ ಸಮುದ್ರದ ಕಡೆಯಿಂದ ಬಂದ ಬೆಚ್ಚನೆಯ ತೇವದ ಗಾಳಿ ತಾಗಿ ನೀರು ಕಟ್ಟುತ್ತದೆ. ದಪ್ಪ ಇಟ್ಟಿಗೆ ಗೋಡೆ ನಿಧಾನವಾಗಿ ಬೆಚ್ಚಗಾಗುವುದರಿಂದ ಹಳೆಯ ಕಟ್ಟಡಗಳಲ್ಲಿ ಇದು ಹೆಚ್ಚು. ಹಾಸುಬಿಲ್ಲೆ ಜಾರುತ್ತದೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗದು, ಚರ್ಮದ ಚಪ್ಪಲಿಗೆ ಬೂಷ್ಟು ಬರುತ್ತದೆ.

ನಮ್ಮ ಅಭ್ಯಾಸಕ್ಕೆ ತದ್ವಿರುದ್ಧವಾದ ಉಪಾಯ ಮಾಡಬೇಕು: ಕಿಟಕಿ ತೆರೆಯಬಾರದು. ತೆರೆದಷ್ಟೂ ತೇವ ಒಳಗೆ ಬರುತ್ತದೆ. ಎಸಿಯಲ್ಲಿ ನೀರಹನಿಯ ಚಿತ್ರವಿರುವ ‘ಡ್ರೈ’ ಮೋಡ್ ಹಾಕಿ. ಬಟ್ಟೆಯನ್ನು ಡ್ರೈಯರ್ ಇರುವ ಲಾಂಡ್ರಿಗೆ ಕೊಡಿ, ಕಿಲೋ ಲೆಕ್ಕದಲ್ಲಿ ಹಾಕಿಕೊಳ್ಳುತ್ತಾರೆ. ಡಿಸೆಂಬರ್ ಜನವರಿಯಲ್ಲಿ ತೇವಕ್ಕಿಂತ ಚಳಿ ಮುಖ್ಯ. ರಾತ್ರಿ 10–12 ಡಿಗ್ರಿಗೆ ಇಳಿಯುತ್ತದೆ, ಹಳೆಯ ಬಾಗಿಲ ಸಂದಿಗಳಲ್ಲಿ ಗಾಳಿ ನುಗ್ಗುತ್ತದೆ, ಕೋಣೆಯ ಎಸಿ ಬರೀ ತಂಪಿನದ್ದಾಗಿರಬಹುದು. ಬಿಸಿಗಾಳಿಯೂ ಬರುವ ಎಸಿ ಇದೆಯೇ ಎಂದು ಕೇಳಿ. ಸೈಗಾನಿನಲ್ಲಿ ಈ ಗೊಡವೆ ಇಲ್ಲ. ದಾಲಾತ್ ಸುಮಾರು 1,500 ಮೀಟರ್ ಎತ್ತರದ ಗಿರಿಧಾಮ, ಅಲ್ಲಿ ಎಸಿ ಇಲ್ಲದಿರುವುದು ಕೊರತೆಯಲ್ಲ.

ಹೋಯ್ ಆನ್‌ನಲ್ಲಿ ನೆರೆ ಬಂದರೆ?

ಅಕ್ಟೋಬರ್ ನವೆಂಬರಿನಲ್ಲಿ ಥು ಬೋನ್ ನದಿ ಹಳೇ ಪಟ್ಟಣಕ್ಕೆ ನುಗ್ಗುವುದು ಹೊಸದೇನಲ್ಲ, 2025ರ ಅಕ್ಟೋಬರ್ ಕೊನೆಯಲ್ಲೂ ದೊಡ್ಡ ನೆರೆ ಬಂತು. ಹಳೆಯ ಮನೆಗಳಲ್ಲಿ ಅಟ್ಟದ ನೆಲದಲ್ಲಿ ಒಂದು ಚೌಕದ ಬಾಗಿಲು ಇರುತ್ತದೆ, ನೀರು ಏರಿದಾಗ ಅಂಗಡಿಯ ಸರಕನ್ನು ಅದರ ಮೂಲಕ ಮೇಲಕ್ಕೆ ಎಳೆದುಕೊಳ್ಳಲಿಕ್ಕೆ. ಹಳೇ ಪಟ್ಟಣದಲ್ಲಿರುವ ತಾನ್ ಕೀ ಎಂಬ ಹಳೆಯ ಮನೆಯ ಗೋಡೆಯಲ್ಲಿ ಯಾವ ವರ್ಷ ನೀರು ಎಲ್ಲಿಯವರೆಗೆ ಬಂತೆಂಬ ಗುರುತುಗಳಿವೆ, 1964ರದ್ದು ತಲೆಗಿಂತ ಮೇಲೆ.

ಆ ಎರಡು ತಿಂಗಳಲ್ಲಿ ಹೋಗುವುದಾದರೆ ನದಿದಂಡೆಯ ಬಾಕ್ ದಾಂಗ್ ಬೀದಿ ಬಿಟ್ಟು ಉತ್ತರಕ್ಕೆ ಎತ್ತರದ ಕಡೆ ಹುಡುಕಿ, ನೆಲಮಟ್ಟದ ಕೋಣೆ ಬೇಡ, ದುಡ್ಡು ವಾಪಸಾಗುವ ಬುಕಿಂಗ್ ಮಾತ್ರ ಮಾಡಿ. ನೀರು ಏರುವ ಸೂಚನೆ ಕೊಟ್ಟಾಗ ಹೋಟೆಲಿನವರು ಕರೆಂಟ್ ಕಡಿಯುತ್ತಾರೆ, ಫೋನ್, ಪವರ್‌ಬ್ಯಾಂಕ್ ಮೊದಲೇ ತುಂಬಿಸಿಡಿ. ವಿಮಾನ ದಾ ನಾಂಗ್‌ನಿಂದ, ಸುಮಾರು 30 ಕಿ.ಮೀ. ನೀರು ಬರುವ ಹಿಂದಿನ ದಿನವೇ ಅಲ್ಲಿಗೆ ಹೊರಟುಬಿಡುವುದು ಜಾಣತನ.

ಪಾಸ್‌ಪೋರ್ಟ್ ಯಾಕೆ ಇಸಿದುಕೊಳ್ಳುತ್ತಾರೆ? ಕೊಡಬೇಕೇ?

ವಿದೇಶಿಯರು ತಂಗಿದ ವಿವರವನ್ನು ಅವರು ಬಂದ 12 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಮಾಲೀಕರ ಕಾನೂನಿನ ಹೊಣೆ, ದೂರದ ಪ್ರದೇಶಗಳಲ್ಲಿ 24 ಗಂಟೆ. ಅದಕ್ಕೆ ಪಾಸ್‌ಪೋರ್ಟ್ ಮತ್ತು ವೀಸಾದ ಫೋಟೋ ಸಾಕು. ತೋರಿಸಿ, ಎದುರಿಗೇ ಸ್ಕ್ಯಾನ್ ಮಾಡಿಸಿ, ವಾಪಸ್ ಇಸಿದುಕೊಳ್ಳಿ. ಡ್ರಾಯರಿನಲ್ಲಿ ಇಟ್ಟುಕೊಳ್ಳುತ್ತೇವೆ ಎಂದರೆ ಬದಲಿಗೆ ಮುಂಗಡ ಹಣ ಕೊಡಲು ಒಪ್ಪಿ. ಪಾಸ್‌ಪೋರ್ಟೇ ಬೇಡ ಎನ್ನುವ ಜಾಗದವರು ನೋಂದಣಿ ಮಾಡಿಸುತ್ತಿಲ್ಲ ಎಂದರ್ಥ, ಅಲ್ಲಿ ತಂಗಬೇಡಿ. ಸೈಗಾನಿನ ಹಳೆಯ ವಾಸದ ಅಪಾರ್ಟ್‌ಮೆಂಟುಗಳಲ್ಲಿ ಆ್ಯಪ್ ಮೂಲಕ ಕೋಣೆ ಹಿಡಿಯುವವರು ಇದನ್ನು ವಿಶೇಷವಾಗಿ ಗಮನಿಸಿ: ವಾಸಕ್ಕೆಂದು ಕಟ್ಟಿದ ಅಪಾರ್ಟ್‌ಮೆಂಟುಗಳನ್ನು ದಿನಬಾಡಿಗೆಗೆ ಕೊಡುವುದಕ್ಕೆ ನಗರಾಡಳಿತ 2025ರಲ್ಲಿ ನಿರ್ಬಂಧ ಹಾಕಿದೆ.

ಭಾರತೀಯರಿಗೆ ಇ-ವೀಸಾ ಸಿಗುತ್ತದೆ. 2023ರ ಆಗಸ್ಟ್ 15ರಿಂದ ಅದರ ಅವಧಿ 90 ದಿನದವರೆಗೆ, ಒಂದು ಪ್ರವೇಶಕ್ಕೆ ಶುಲ್ಕ 25 ಡಾಲರ್, ಹಲವು ಪ್ರವೇಶಕ್ಕೆ 50. ವಿಳಾಸ ‘ಗವ್ ಡಾಟ್ ವಿಎನ್’ ಎಂದು ಮುಗಿಯದ ತಾಣಗಳು ಏಜೆಂಟರದ್ದು. ಅರ್ಜಿಯಲ್ಲಿ ತಂಗುವ ವಿಳಾಸ ಕೇಳುತ್ತಾರೆ, ಮೊದಲ ಹೋಟೆಲಿನದ್ದು ಬರೆದರೆ ಸಾಕು.

ಮದುವೆ ಪ್ರಮಾಣಪತ್ರ ಕೇಳುತ್ತಾರೆಯೇ?

ವಿದೇಶಿ ಜೋಡಿಗಳನ್ನು ಕೇಳುವುದಿಲ್ಲ. ಇಬ್ಬರ ಪಾಸ್‌ಪೋರ್ಟೂ ಬೇಕು, ಅಷ್ಟೇ.

ಖರ್ಚು ಎಷ್ಟು, ಎಲ್ಲಿ ಹೆಚ್ಚಾಗುತ್ತದೆ?

ಹನೋಯ್ ಹಳೇ ಪೇಟೆಯಲ್ಲಿ ಹಾಸ್ಟೆಲ್ ಹಾಸಿಗೆಗೆ ಸುಮಾರು 1.5ರಿಂದ 2.5 ಲಕ್ಷ ಡಾಂಗ್, ಇಬ್ಬರ ಸಾದಾ ಕೋಣೆಗೆ 4ರಿಂದ 8 ಲಕ್ಷ. ರೂಪಾಯಿಗೆ ಹೆಚ್ಚುಕಡಿಮೆ 300 ಡಾಂಗ್ ಎಂದು ಮನಸ್ಸಿನಲ್ಲಿಟ್ಟುಕೊಂಡರೆ ಲೆಕ್ಕ ಸುಲಭ. ಕಾರ್ಡ್ ಉಜ್ಜಿದರೆ ಶೇಕಡಾ 3ರಷ್ಟು ಸೇರಿಸುವುದು ಮಾಮೂಲು. ಬೆಲೆಯ ಮುಂದೆ ಎರಡು ಕೂಡು ಚಿಹ್ನೆ ಇದ್ದರೆ ತೆರಿಗೆ, ಸೇವಾ ಶುಲ್ಕ ಬೇರೆ. ನಗದು ಕೊಡುವಾಗ ನೋಟು ಗಮನಿಸಿ, 20 ಸಾವಿರದ್ದೂ 5 ಲಕ್ಷದ್ದೂ ನೀಲಿ ಬಣ್ಣದವೇ. ‘ತೇತ್’ ಎಂಬ ಚಾಂದ್ರಮಾನ ಹೊಸವರ್ಷದ ವಾರ ಬೆಲೆ ಏರುತ್ತದೆ, ಸಣ್ಣ ಹೋಟೆಲು ಮುಚ್ಚಿಯೂ ಇರಬಹುದು. 2027ರಲ್ಲಿ ಅದು ಫೆಬ್ರುವರಿ 6.

ಫಲಕದಲ್ಲಿ ‘ನ್ಯಾ ಙೀ’ ಎಂದಿದ್ದರೆ ಅದು ಗಂಟೆ ಲೆಕ್ಕದಲ್ಲೂ ಕೋಣೆ ಕೊಡುವ ಸಾದಾ ವಸತಿಗೃಹ. ಕುಟುಂಬದವರು ‘ಖಾಕ್ ಸಾನ್’, ಎಂದರೆ ಹೋಟೆಲು, ಎಂಬ ಫಲಕ ನೋಡಿ ಹೋಗುವುದು ಒಳ್ಳೆಯದು.

ರಾತ್ರಿ ವಿಮಾನದಲ್ಲಿ ಇಳಿದು ತಡವಾಗಿ ಹೋದರೆ ಬಾಗಿಲು ತೆರೆಯುತ್ತಾರೆಯೇ?

ಹೇಳಿದ್ದರೆ ತೆರೆಯುತ್ತಾರೆ. ಸಣ್ಣ ಹೋಟೆಲುಗಳು ಹನ್ನೊಂದು ಹನ್ನೆರಡಕ್ಕೆ ಶಟರ್ ಎಳೆದು, ಸ್ಕೂಟರುಗಳನ್ನು ಒಳಗೆ ನಿಲ್ಲಿಸಿ, ಕೆಲಸದವರು ಅಲ್ಲೇ ಚಾಪೆ ಹಾಕಿ ಮಲಗುತ್ತಾರೆ. ವಿಮಾನದ ನಂಬರ್ ಮೊದಲೇ ಕಳಿಸಿ, ಬಂದಾಗ ಬೆಲ್ ಒತ್ತಿ ಎರಡು ನಿಮಿಷ ಕಾಯಿರಿ. ನೋಯ್ ಬಾಯ್ ವಿಮಾನ ನಿಲ್ದಾಣದಿಂದ ಹಗಲಲ್ಲಾದರೆ ಹಳೇ ಪೇಟೆಯ ಅಂಚಿಗೆ 86ನೇ ನಂಬರಿನ ಬಸ್ಸಿದೆ, ರಾತ್ರಿ ಗ್ರ್ಯಾಬ್ (ನಮ್ಮ ಓಲಾ, ಊಬರಿನಂತೆ ಆ್ಯಪಿನಲ್ಲಿ ಕರೆಯುವ) ಟ್ಯಾಕ್ಸಿಯೇ ಗತಿ.

ಎರಡು ಎಚ್ಚರಿಕೆ. ಹೆಸರಾದ ಹೋಟೆಲಿನ ಹೆಸರನ್ನೇ ಹೋಲುವ ಇನ್ನೊಂದು ಹೋಟೆಲು ಹನೋಯ್‌ನಲ್ಲಿ ಮಾಮೂಲು. ಚಾಲಕನಿಗೆ ಹೆಸರಲ್ಲ, ಬೀದಿ ಮತ್ತು ಮನೆ ನಂಬರ್ ತೋರಿಸಿ. ನಂಬರಿನಲ್ಲಿ ಅಡ್ಡಗೆರೆ ಇದ್ದರೆ, ಉದಾಹರಣೆಗೆ 40/12, ಅದು 40ನೇ ನಂಬರಿನ ಓಣಿಯೊಳಗಿನ 12ನೇ ಮನೆ, ಕಾರು ಒಳಗೆ ಹೋಗದೆ ಇರಬಹುದು. ಹಾಗೆಯೇ ಶುಕ್ರವಾರ ಸಂಜೆ 7ರಿಂದ ಭಾನುವಾರ ಮಧ್ಯರಾತ್ರಿಯವರೆಗೆ ಹೊವಾನ್ ಕಿಯೆಮ್ ಕೆರೆಯ ಸುತ್ತಲಿನ ಬೀದಿಗಳಿಗೆ ವಾಹನ ಬಿಡುವುದಿಲ್ಲ. ಆಗ ಕೊನೆಯ ಅರ್ಧ ಕಿಲೋಮೀಟರ್ ಸೂಟ್‌ಕೇಸ್ ಎಳೆದುಕೊಂಡು ಹೋಗಲು ಸಿದ್ಧರಿರಿ.

ಸಸ್ಯಾಹಾರಿಗಳಿಗೆ ಬೆಳಗಿನ ತಿಂಡಿ ಸಿಗುತ್ತದೆಯೇ?

ಬ್ರೆಡ್ಡು, ಮೊಟ್ಟೆ, ಹಣ್ಣು, ಕಾಫಿ ಎಲ್ಲ ಕಡೆ ಇರುತ್ತದೆ. ‘ಚಾಯ್’ ಎಂದರೆ ಸಸ್ಯಾಹಾರ, ಕುಡಿಯುವ ಚಹಾ ಅಲ್ಲ. ‘ಮಾಂಸ, ಮೀನು, ಮೀನಿನ ಸಾಸ್ ಯಾವುದೂ ಬೇಡ’ ಎಂದು ಫೋನಿನಲ್ಲಿ ಅವರ ಲಿಪಿಯಲ್ಲೇ ಬರೆದಿಟ್ಟುಕೊಂಡು ತೋರಿಸಿ, ಬಾಯಲ್ಲಿ ಹೇಳಿದರೆ ಸ್ವರದ ಏರಿಳಿತ ತಪ್ಪಿ ಅರ್ಥವಾಗದು. ಮೀನಿನ ಸಾಸ್ ಹೆಸರು ಬಿಡಿಸಿ ಹೇಳದಿದ್ದರೆ ತರಕಾರಿ ಪಲ್ಯಕ್ಕೂ ಬೀಳುತ್ತದೆ. ಚಾಂದ್ರಮಾನ ತಿಂಗಳ ಒಂದನೇ ಮತ್ತು ಹದಿನೈದನೇ ದಿನ ಅಲ್ಲಿಯ ಬೌದ್ಧರಲ್ಲಿ ಅನೇಕರು ಮಾಂಸ ಬಿಡುವುದರಿಂದ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಚಾಯ್ ಅಂಗಡಿಗಳಲ್ಲಿ ಬಗೆ ಹೆಚ್ಚು, ಜನವೂ ಹೆಚ್ಚು.

ವೈಫೈ, ಹುಳಹುಪ್ಪಟೆ, ಲಗೇಜು?

ದಪ್ಪ ಗೋಡೆಯಾಚೆ ವೈಫೈ ಸೊರಗುತ್ತದೆ. ಮನೆಯಿಂದ ಕೆಲಸ ಮಾಡುವವರು ರೌಟರ್ ನಿಮ್ಮ ಮಹಡಿಯಲ್ಲೇ ಇದೆಯೇ ಕೇಳಿ, ಸ್ಥಳೀಯ ಸಿಮ್ ಹೇಗೂ ಇಟ್ಟುಕೊಳ್ಳಿ. ಬೇಸಿಗೆಯ ಮೊದಲ ಮಳೆಗಳ ಸಂಜೆ ಗೆದ್ದಲಿನ ಈಚಲು ದೀಪಕ್ಕೆ ಮುತ್ತಿದರೆ ದೀಪ ಆರಿಸಿ ಕಿಟಕಿ ಮುಚ್ಚಿ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಹಾಸಿಗೆಯ ಹೊಲಿಗೆಯಲ್ಲಿ ಕಪ್ಪು ಚುಕ್ಕೆ ಕಂಡರೆ ತಿಗಣೆ, ಬ್ಯಾಗನ್ನು ನೆಲಕ್ಕಿಡದೆ ಹಾಗೇ ಕೆಳಗಿಳಿದು ಬೇರೆ ಕೋಣೆ ಕೇಳಿ. ಚೆಕ್‌ಔಟ್ ಆದಮೇಲೆ ಲಗೇಜನ್ನು ರಿಸೆಪ್ಶನ್‌ನಲ್ಲೇ ಪುಕ್ಕಟೆಯಾಗಿ ಇಡಿಸಿಕೊಳ್ಳುತ್ತಾರೆ, ಆದರೆ ಅದು ಬೀಗದ ಕೋಣೆಯಲ್ಲ, ಮೆಟ್ಟಿಲ ಕೆಳಗಿನ ಸಂದಿ. ದುಡ್ಡು, ದಾಖಲೆ, ಲ್ಯಾಪ್‌ಟಾಪ್ ಜೊತೆಗೇ ಇರಲಿ.